ಗೊಂಚಲು ಹೊತ್ತ ವರ್ಷಗಳು

ನಮ್ಮ ಮನೆಯ ಯಾವ ಬಾಗಿಲಿಗೂ ಒಳಗಡೆ ಚಿಲಕ ಇರಲಿಲ್ಲ. ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ ಫ್ಯಾಕ್ಟರಿ ಕೆಲಸದವರಿಗೆಂದೇ ಕಟ್ಟಿ ಬಾಡಿಗೆಗೆ ಬಿಟ್ಟಿದ್ದ ಸಾಲುಮನೆಗಳಲ್ಲಿ ನಮ್ಮದು ಕೊನೆಯಿಂದ ಎರಡನೆಯದು. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅದರ ಮೂಲೆಯಲ್ಲಿ ತಗಡಿನ ಬಾಗಿಲಿನ ಬಚ್ಚಲು. ಮೂರು ಬಾಗಿಲುಗಳ ಒಳಮೈಯಲ್ಲೂ ಚಿಲಕ ಇದ್ದ ಜಾಗದಲ್ಲಿ ನಾಲ್ಕು ನಾಲ್ಕು ತೂತುಗಳು ಮಾತ್ರ ಉಳಿದಿದ್ದವು. ಮನೆಗೆ ಬಂದ ನೆಂಟರು ಬಚ್ಚಲಿಗೆ ಹೋಗಿ, ಬಾಗಿಲನ್ನು ತಡವಿ ತಡವಿ ಸಾಕಾಗಿ, ಕೊನೆಗೆ ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನೀರು ಸುರಿದುಕೊಂಡು ಬರುತ್ತಿದ್ದರು. ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ನೆಂಟರಿಗೆಲ್ಲ ಗೊತ್ತಿತ್ತು.

ಅಮ್ಮನಿಗೆ ಬೀಳುವ ಕಾಯಿಲೆ ಇತ್ತು. ಮನೆಯಲ್ಲಿ ಅದರ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. 'ಅದು ಬಂತು', 'ಅದು ಬಂದು ಹೋಯ್ತು' ಅನ್ನುತ್ತಿದ್ದರು, ಮನೆಗೆ ಆಗಾಗ ಬಂದು ಹೋಗುವ ಯಾರೋ ಇದ್ದಾರೆ ಅನ್ನುವ ಹಾಗೆ. ನನಗೆ ಏಳು ವರ್ಷವಿದ್ದಾಗ ಒಂದು ಶುಕ್ರವಾರ ಅಮ್ಮ ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು. ಚೊಂಬು ಬಿದ್ದ ಸದ್ದು ಕೇಳಿಸಿತು, ಆಮೇಲೆ ತಗಡಿನ ಬಾಗಿಲಿಗೆ ಕಾಲು ಬಡಿಯುವ ಸದ್ದು. ಅಪ್ಪ ಫ್ಯಾಕ್ಟರಿಗೆ ಹೋಗಿದ್ದ. ಅಜ್ಜಿ, ಅಂದರೆ ಅಪ್ಪನ ತಾಯಿ, ಬಾಗಿಲು ಬಡಿದು ಬಡಿದು ಕೂಗಿಕೊಂಡಳು. ಪಕ್ಕದ ಮನೆಯ ರಾಜಮ್ಮನ ಗಂಡ ಹಾರೆ ತಂದು ಬಾಗಿಲು ಮೀಟಿದ. ಅಮ್ಮ ನೀರು ಹೋಗುವ ತೂತಿನ ಪಕ್ಕ ಮುಖ ಅಡಿಯಾಗಿ ಬಿದ್ದಿದ್ದಳು. ಹಣೆ ಒಡೆದು ಸೋಪಿನ ನೀರೆಲ್ಲ ಕೆಂಪಾಗಿತ್ತು. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಆ ನಾಲ್ಕು ಬೆರಳು ನೀರಿನಲ್ಲೇ ಮುಳುಗಿ ಹೋಗುತ್ತಿದ್ದಳು ಅಂತ ಎಲ್ಲರೂ ಹೇಳಿದರು. ಆದರೆ ಅಮ್ಮನನ್ನು ಬಹಳ ದಿನ ತಿಂದದ್ದು ಆ ಮಾತಲ್ಲ. ಮೈಮೇಲೆ ಬಟ್ಟೆಯಿಲ್ಲದ ತನ್ನನ್ನು ಪಕ್ಕದ ಮನೆಯ ಗಂಡಸು ನೋಡಿದನಲ್ಲ ಅನ್ನುವುದು. ಅವನು ಒಳ್ಳೆಯವನು, ಬಾಗಿಲು ಕಿತ್ತು ಬಂದ ಕೂಡಲೇ ಮುಖ ತಿರುಗಿಸಿಕೊಂಡು ಹೊರಗೆ ಹೋಗಿದ್ದ. ಆದರೂ ಅಮ್ಮ ಒಂದು ತಿಂಗಳು ಬೀದಿ ಬಾಗಿಲಿಗೆ ಬರಲಿಲ್ಲ.

ಆ ಸಾಯಂಕಾಲವೇ ಅಪ್ಪ ಸ್ಕ್ರೂಡ್ರೈವರ್ ಹಿಡಿದು ಮೂರು ಬಾಗಿಲುಗಳ ಚಿಲಕವನ್ನೂ ಕಿತ್ತ. ಅಮ್ಮ ಹಣೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು.

"ಚಿಲಕ ಇಲ್ದಿದ್ರೆ ಎಂಗೆ ನೀರ್ ಹಾಕ್ಕೊಳ್ಳಾದು?" ಅಂದಳು.

"ರತ್ನ ಇಲ್ವಾ? ಬಾಗ್ಲತ್ರ ಕೂತಿರ್ತಾಳೆ," ಅಂದ ಅಪ್ಪ.

ಅಲ್ಲಿಂದ ನಾನು ಕೂತೆ. ಅಮ್ಮ ನೀರು ಹಾಕಿಕೊಳ್ಳುವಷ್ಟು ಹೊತ್ತೂ ಬಚ್ಚಲಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಚೊಂಬು ಹಂಡೆಗೆ ಮುಳುಗುವ ಸದ್ದು ಎಣಿಸುತ್ತಿದ್ದೆ. ಒಂದು ಚೊಂಬಿಗೂ ಇನ್ನೊಂದಕ್ಕೂ ನಡುವೆ ಹೊತ್ತು ಜಾಸ್ತಿಯಾದರೆ "ಅಮ್ಮಾ" ಅನ್ನುತ್ತಿದ್ದೆ. "ಇದೀನಿ ಕಣೆ" ಅಂತ ಒಳಗಿನಿಂದ ಬರುತ್ತಿತ್ತು. ಒಂದೊಂದು ದಿನ ಆ ಮಾತಿನಲ್ಲಿ ಸಿಟ್ಟು ಇರುತ್ತಿತ್ತು.

ಮನೆಯ ಚಿಲಕ ಕೀಳಬಹುದು, ಸಾಲಿನ ಕೊನೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ್ದ ಕಕ್ಕಸಿನ ಕೊಂಡಿ ಕೀಳುವ ಹಾಗಿರಲಿಲ್ಲ. ಅಪ್ಪ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿದ್ದ. ಮುರಿದು ಬಿಸಾಡಿದ ಹ್ಯಾಕ್ಸಾ ಬ್ಲೇಡೊಂದರ ಹಲ್ಲುಗಳನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿ, ತುದಿ ಸ್ವಲ್ಪ ಬಾಗಿಸಿ ತಂದ. ಬಾಗಿಲ ಸಂದಿಯಲ್ಲಿ ಅದನ್ನು ತೂರಿಸಿ ಮೇಲಕ್ಕೆತ್ತಿದರೆ ಕೊಂಡಿ ಟಕ್ ಅಂತ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ನನ್ನ ಕೈಗೆ ಕೊಟ್ಟು ಇಪ್ಪತ್ತು ಸಲ ತೆಗೆಸಿದ. ಕಣ್ಣು ಮುಚ್ಚಿಕೊಂಡು ತೆಗೆಯುವಂತಾದ ಮೇಲೆ ಒಂದು ಉಕ್ಕಿನ ತಂತಿಯ ಬಳೆಗೆ ಪೋಣಿಸಿ, ಬಳೆಗೆ ಒಂದು ಕರಿ ದಾರ ಕಟ್ಟಿ, ನನ್ನ ಕೊರಳಿಗೆ ಹಾಕಿದ. ಮನೆಯ ಬೀಗದ ಕೈಯೂ ಅದೇ ಬಳೆಗೆ ಬಂತು. ಅದನ್ನು ನಾವು ಗೊಂಚಲು ಅಂತ ಕರೆಯುತ್ತಿದ್ದೆವು.

ಗೊಂಚಲು ಬೆಳೆಯುತ್ತಾ ಹೋಯಿತು. ಸಂತೆಯಲ್ಲಿ ಒಂದು ಸಲ ಅಮ್ಮ ಬಿದ್ದಾಗ ನನ್ನ ಕೂಗು ಜನರ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅಪ್ಪ ಹಿತ್ತಾಳೆಯ ಕೊಳವೆ ಕೊರೆದು ಒಂದು ಪೀಪಿ ಮಾಡಿ ತಂದ. ಮೂರು ಸಲ ಬಿಟ್ಟು ಬಿಟ್ಟು ಊದಿದರೆ ರಾಜಮ್ಮ ಏನು ಕೆಲಸದಲ್ಲಿದ್ದರೂ ತನ್ನ ತೆಲುಗಿನಲ್ಲಿ "ಏಮೈಂದಿ ರತ್ನಾ", ಏನಾಯ್ತು, ಅನ್ನುತ್ತಾ ಓಡಿ ಬರಬೇಕು ಅಂತ ಒಪ್ಪಂದವಾಯಿತು. ಆಮೇಲೆ ಬೆರಳುದ್ದದ ಅಲ್ಯೂಮಿನಿಯಂ ಡಬ್ಬಿ, ಒಳಗೆ ಹತ್ತಿ, ಹತ್ತಿಯೊಳಗೆ ಮಧ್ಯಾಹ್ನದ ಒಂದು ಮಾತ್ರೆ. ಆಮೇಲೆ ತಗಡಿನ ಬಿಲ್ಲೆ, ಅದರ ಮೇಲೆ ಅಮ್ಮನ ಹೆಸರು ಜಯಮ್ಮ ಅಂತ, ಕೆಳಗೆ ನಮ್ಮ ಸಾಲಿನ ಗುರುತು, ಒಂದು ಕಡೆ ತಮಿಳಿನಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ. ಮೊಳೆಯಿಂದ ಚುಕ್ಕಿ ಚುಕ್ಕಿ ಹೊಡೆದು ಬರೆದದ್ದು. ಕನ್ನಡದ 'ಜ' ತಿರುಗಾಮುರುಗಾ ಆಗಿತ್ತು.

ಇವೆಲ್ಲ ಅಪ್ಪನಿಗೆ ಹೊಳೆದವು. ಅಮ್ಮ ತಾನಾಗಿ ಕೇಳಿದ್ದು ಎರಡೇ.

"ಎರಡು ಪಿನ್ನು ಹಾಕಿ ಅದ್ರಾಗೆ. ಎದ್ದೇಟ್ಗೆ ನಂಗೆ ಸೆರಗು ಎಲ್ಲೈತೆ ಅಂತ ಗೊತ್ತಾಗಲ್ಲ. ಆಮೇಲೆ ಒಂದು ಕನ್ನಡಿ ಚೂರು."

"ಕನ್ನಡಿ ಯಾತಕ್ಕೆ?" ಅಂದ ಅಪ್ಪ.

"ಬಾಯಲ್ಲಿ ನೊರೆ ಐತಾ ಅಂತ ನೋಡ್ಕೊಳಕ್ಕೆ. ಅಂಗೇ ಎದ್ದು ಜನದ ಮುಂದೆ ನಿಂತ್ಕೊಳ್ಳಾದಾ?"

ಬಾಗಿಲು ಬಿಚ್ಚುವುದು, ಜನ ಕರೆಯುವುದು, ಮಾತ್ರೆ ಕೊಡುವುದು ಇಷ್ಟೇ ಅಪ್ಪನ ತಲೆಯಲ್ಲಿದ್ದದ್ದು. ಬಿದ್ದವಳು ಎದ್ದ ಮೇಲೆ ಏನಾಗುತ್ತದೆ ಅನ್ನುವುದು ಅವನಿಗೆ ಹೊಳೆದಿರಲಿಲ್ಲ. ಮಾರನೆಯ ದಿನ ಎರಡು ಪಿನ್ನೂ, ಅಂಚು ಉಜ್ಜಿದ ರೂಪಾಯಿಯಗಲದ ಕನ್ನಡಿಯೂ ಬಂದವು.

ಕೊನೆಯದು ಅಜ್ಜಿಯ ಕಬ್ಬಿಣದ ಬೀಗದ ಕೈ. ಅಪ್ಪನ ಊರು ಜವಳಗಿರಿಯ ಹತ್ತಿರದ್ದು. ಅಲ್ಲಿದ್ದ ಮಣ್ಣಿನ ಮನೆಯ ಹಜಾರದ ಗೋಡೆಯನ್ನು ಒಂದು ವರ್ಷ ಆನೆ ಕೆಡವಿ, ಒಳಗಿದ್ದ ರಾಗಿ ತಿಂದು ಹೋಗಿತ್ತು. ಬಾಗಿಲು ಚೂರಾಯಿತು, ಬೀಗ ಸಿಗಲಿಲ್ಲ, ಗೇಣುದ್ದದ ಕೈ ಮಾತ್ರ ಅಜ್ಜಿಯ ಸೊಂಟದಲ್ಲಿ ಉಳಿದಿತ್ತು. ಬೀಳುವ ಕಾಯಿಲೆಯವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದರು. ಹೊಸೂರಿನ ಡಾಕ್ಟರು ಬೇರೆಯದೇ ಹೇಳಿದ್ದರು: ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕತ್ತಿನ ಹತ್ತಿರ ಬಿಗಿ ಇದ್ದರೆ ಸಡಿಲ ಮಾಡಿ, ಬಾಯಿಗೆ ಏನೂ ತುರುಕಬೇಡಿ, ಕಾಯಿರಿ, ಅಷ್ಟೇ. ಕಬ್ಬಿಣದಿಂದ ಏನೂ ಆಗುವುದಿಲ್ಲ ಅಂತ ಅಪ್ಪ ವಾದ ಮಾಡಿದ. ಅಜ್ಜಿ ಗೊಂಚಲನ್ನು ನನ್ನ ಕೊರಳಿನಿಂದ ತೆಗೆದು ತಾನೇ ಪೋಣಿಸಿದಳು. ಗೊಂಚಲಿನ ಅರ್ಧ ಭಾರ ಆ ಕೈಯದ್ದೇ. ನನ್ನ ಎದೆಯ ನಡುವೆ ಅದು ತಾಗಿ ತಾಗಿ ಬಟಾಣಿ ಕಾಳಿನಷ್ಟು ಕಪ್ಪು ಕಲೆಯಾಯಿತು.

ಅಜ್ಜಿ ಕೆಟ್ಟವಳಲ್ಲ, ಆದರೆ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು. ಹೆಣ್ಣಿನ ಕಡೆಯವರು ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರು ಅನ್ನುವುದು. ಊಟದ ಹೊತ್ತಿಗೆ ಅದು ಹೊರಗೆ ಬರುತ್ತಿತ್ತು. ಅಮ್ಮ ಒಲೆಯ ಮುಂದೆ ಒಬ್ಬಳೇ ಇರಬಾರದು ಅಂತ ಮನೆಯಲ್ಲಿ ಕಟ್ಟಳೆ. ಅವಳು ಮುದ್ದೆ ತೊಳಸುವಾಗ ನಾನು ಪಕ್ಕದಲ್ಲಿ ನಿಂತಿರಬೇಕು, ಅಪ್ಪ ಬಂದು ಕೂತ ಮೇಲೆ ಎಲ್ಲರೂ ಒಟ್ಟಿಗೆ ಉಣ್ಣಬೇಕು. ಒಂದು ಭಾನುವಾರ ಹುರುಳಿಕಾಳಿನ ಬಸ್ಸಾರು. ಅಮ್ಮನಿಗೆ ಆವತ್ತು ಬೆಳಿಗ್ಗೆ ಒಂದು ಸಲ ಬಂದು ಹೋಗಿತ್ತು, ಉಪ್ಪು ಎರಡು ಸಲ ಹಾಕಿಬಿಟ್ಟಿದ್ದಳು. ಅಜ್ಜಿ ಒಂದು ತುತ್ತು ನುಂಗಿ ತಟ್ಟೆ ಸರಿಸಿದಳು.

"ಗೊತ್ತಿದ್ದೂ ಗೊತ್ತಿದ್ದೂ ಕಟ್ಬುಟ್ರು ನನ್ ಮಗನ ಕೊರಳ್ಗೆ," ಅಂದಳು.

ಅಪ್ಪ ತಲೆಯೆತ್ತದೆ ಹೇಳಿದ:

"ಮಿಷಿನ್ನು ಕೆಟ್ರೆ ಮಿಷಿನ್ನ ಬೈತಾರೇನವ್ವಾ? ಎಲ್ಲಿ ಏನಾಗೈತೆ ನೋಡಿ ರಿಪೇರಿ ಮಾಡ್ಕೋಬೇಕು. ನಾನ್ ಮಾಡ್ಕೊಂತಾ ಇಲ್ವಾ?"

ಅಮ್ಮನ ಪರವಾಗಿ ಮಾತಾಡಿದೆ ಅಂತ ಅವನು ಅಂದುಕೊಂಡಿದ್ದ. ನಾನೂ ಹಾಗೆಯೇ ಅಂದುಕೊಂಡೆ. ಅಮ್ಮ ಮಾತ್ರ ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಲ ಬಾಗಿಲಲ್ಲಿ ನಮ್ಮ ಕಡೆ ಬೆನ್ನು ಮಾಡಿ ಕೂತು ಉಂಡಳು. ಅಜ್ಜಿಯ ಎಷ್ಟೋ ಮಾತುಗಳನ್ನು ನುಂಗಿದವಳು ಅವತ್ತು ಅಪ್ಪನ ಮಾತಿಗೆ ಎರಡು ದಿನ ಮುಖ ಕೊಡಲಿಲ್ಲ. ಮಿಷಿನ್ನಿನ ಆ ಮಾತು ಅವಳಿಗೆ ಯಾಕೆ ಚುಚ್ಚಿತು ಅಂತ ನನಗೆ ಅರ್ಥವಾದದ್ದು ನನಗೂ ಮದುವೆಯಾದ ಮೇಲೆ.

ನನಗೀಗ ಐವತ್ತೈದು. ಕೃಷ್ಣಗಿರಿಯ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದೇನೆ. ಟೀಚರುಗಳಿಗೆ ಪಿನ್ನು ಬೇಕಾದರೆ, ಮಕ್ಕಳ ಕಾಲಿಗೆ ಮುಳ್ಳು ಚುಚ್ಚಿದರೆ, ಬೀರುವಿನ ಸ್ಕ್ರೂ ಸಡಿಲವಾದರೆ ಎಲ್ಲರೂ ನನ್ನ ಟೇಬಲಿಗೇ ಬರುತ್ತಾರೆ. ನನ್ನ ಬೀಗದ ಕೈಯ ಬಳೆಯಲ್ಲಿ ಎಲ್ಲವೂ ಇದೆ. ಮೊನ್ನೆ ನನ್ನ ಮಗಳು ಫೋನಿನಲ್ಲಿ ಆರ್ಡರ್ ಮಾಡಿ ಒಂದು ಕೀಚೈನ್ ತರಿಸಿಕೊಂಡಳು. ಅವಳು ಹೊಸೂರಿನ ಫ್ಯಾಕ್ಟರಿಯೊಂದಕ್ಕೆ ಸೆಕೆಂಡ್ ಶಿಫ್ಟಿಗೆ ಹೋಗುತ್ತಾಳೆ. ಗುಲಾಬಿ ಬಣ್ಣದ ಪೀಪಿ, ಬಸ್ಸಿನ ಗಾಜು ಒಡೆಯುವ ಮೊನೆ, ಗುಂಡಿ ಒತ್ತಿದರೆ ಕಿರುಚುವ ಅಲಾರಂ, ಮೈಮೇಲೆ ಬಂದವರಿಗೆ ಚುಚ್ಚಲು ಚೂಪು ಕಿವಿಯ ಬೆಕ್ಕಿನ ಮೂತಿ. ಒಂದೊಂದನ್ನೂ ನನಗೆ ವಿವರಿಸಿ, "ಚೆನ್ನಾಗೈತಾಮ್ಮಾ?" ಅಂದಳು. ಚೆನ್ನಾಗಿದೆ ಅಂದೆ. ಅವಳಿಗೆ ಇಪ್ಪತ್ತಾರು. ತನಗೆ ಬೇಕು ಅಂತ ತಾನೇ ಆರಿಸಿ, ತನ್ನ ಸಲುವಾಗಿ ಇಟ್ಟುಕೊಂಡಿದ್ದಾಳೆ. ಅದನ್ನು ನೋಡುತ್ತಾ ನನಗೆ ಯಾಕೋ ಮೈಯೆಲ್ಲ ಸೋತಂತಾಯಿತು. ಹತ್ತು ನಿಮಿಷ ಹೋಗಿ ಮಂಚದ ಮೇಲೆ ಕೂತಿದ್ದೆ.

ಯಾಕೆಂದರೆ ಗೊಂಚಲಿನಲ್ಲಿ ಭಾರವಾಗಿದ್ದದ್ದು ಕಬ್ಬಿಣ ಮಾತ್ರ ಅಲ್ಲ. ಅದನ್ನು ಹಾಕಿಕೊಂಡವಳು ನೋಡುತ್ತಲೇ ಇರಬೇಕಿತ್ತು. ಅದು ಬರುವ ಮುಂಚೆ ಅಮ್ಮನ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗುತ್ತಿತ್ತು, ಹಿಟ್ಟು ನುಣ್ಣಗಿದೆಯೋ ಇಲ್ಲವೋ ನೋಡುವ ಹಾಗೆ. ಅಲ್ಲಿಂದ ಅರ್ಧ ನಿಮಿಷ ಸಿಗುತ್ತಿತ್ತು. ಆ ಅರ್ಧ ನಿಮಿಷದಲ್ಲಿ ಸ್ಟೌ ಆರಿಸಬೇಕು, ಅವಳನ್ನು ಕೆಳಗೆ ಕೂರಿಸಬೇಕು, ಪಾತ್ರೆ ದೂರ ಸರಿಸಬೇಕು. ಹೀಗಾಗಿ ನಾನು ಅಮ್ಮನ ಮುಖ ನೋಡುವುದನ್ನೇ ಬಿಟ್ಟೆ, ಕೈ ನೋಡುತ್ತಿದ್ದೆ. ಅವಳು ಕತೆ ಹೇಳಿದರೂ ಕೈ, ತಲೆ ಬಾಚಿದರೂ ಕೈ. ಬೆರಳು ಉಜ್ಜಿಕೊಳ್ಳುವ ಯಾರನ್ನಾದರೂ ಬಸ್ಸಿನಲ್ಲಿ ಕಂಡರೆ ಈಗಲೂ ನನ್ನ ಕಾಲು ತಾನಾಗಿಯೇ ಎದ್ದು ನಿಲ್ಲುತ್ತದೆ. ಅಜ್ಜಿ ಊರಿನಲ್ಲಿದ್ದ ಚಿಕ್ಕಪ್ಪನ ಮನೆಗೆ ಹೋಗಿ ಅಲ್ಲೇ ಉಳಿದ ಮೇಲೆ ಹಗಲಿನ ಕಾವಲು ಪೂರ್ತಿ ನನ್ನದೇ ಆಯಿತು. ಬೆಳಿಗ್ಗೆ ರಾಜಮ್ಮನಿಗೆ ಹೇಳಿ ಶಾಲೆಗೆ ಹೋಗುವುದು, ಮಧ್ಯಾಹ್ನ ಊಟದ ಬೆಲ್ಲಿಗೆ ಓಡಿ ಬಂದು ಮಾತ್ರೆ ಕೊಡುವುದು, ಮತ್ತೆ ಓಡುವುದು, ಮೂರು ಗಂಟೆಗೆ ಅಪ್ಪ ಶಿಫ್ಟು ಮುಗಿಸಿ ಬಂದಿರುತ್ತಾನೆ ಅಂತ ಕ್ಲಾಸಿನಲ್ಲಿ ಗಡಿಯಾರ ನೋಡುವುದು. ಗೊಂಚಲು ಯೂನಿಫಾರಮ್ಮಿನೊಳಗೆ ಝಣ ಝಣ ಅನ್ನುತ್ತಿತ್ತು. ಹುಡುಗಿಯರು ನನ್ನನ್ನು ಗಂಟೆ ಅಂತ ಕರೆಯುತ್ತಿದ್ದರು.

ಆ ಹೆಸರಿದ್ದರೂ ಓಡಿ ಓಡಿ ನನ್ನ ಕಾಲು ಚುರುಕಾಗಿತ್ತು. ಏಳನೆಯ ಕ್ಲಾಸಿನಲ್ಲಿ ಹೊಸೂರಿನ ದೊಡ್ಡ ಮೈದಾನದಲ್ಲಿ ನಡೆಯುವ ಓಟಕ್ಕೆ ನನ್ನನ್ನು ಆರಿಸಿದರು. ಕೊರಳಲ್ಲಿ ಇಷ್ಟೊಂದು ಕಬ್ಬಿಣ ಹಾಕಿಕೊಂಡು ಓಡಬಾರದು, ಬಿದ್ದರೆ ಎದೆಗೆ ಚುಚ್ಚುತ್ತದೆ ಅಂತ ಪಿ.ಟಿ. ಮೇಷ್ಟ್ರು ಹೇಳಿದರು. ಅದು ನಿಜ. ಆದರೆ ಮೈದಾನಕ್ಕೆ ಹೋಗಿ ಅಲ್ಲಿ ತೆಗೆದು ಯಾರ ಕೈಗಾದರೂ ಕೊಡಬಹುದಿತ್ತು. ಆ ಶನಿವಾರ ಬೆಳಿಗ್ಗೆ ನಾನು ಹಾಗೆ ಮಾಡಲಿಲ್ಲ. ಮನೆಯಲ್ಲೇ ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದೆ. ಬೇಕೆಂದೇ ಹಾಕಿದೆ. ಅಮ್ಮ ಅಕ್ಕಿ ಆರಿಸುತ್ತಾ ಕೂತಿದ್ದಳು.

"ಮಧ್ಯಾನಕ್ಕೆ ಬತ್ತೀನಿ. ರಾಜಮ್ಮಕ್ಕ ಇರ್ತಾರೆ," ಅಂದೆ.

ಅಮ್ಮ ಮೊಳೆಯ ಕಡೆ ನೋಡಿದಳು. ನನ್ನ ಕೊರಳು ನೋಡಿದಳು.

"ಹೋಗ್ ಬಾ. ಜೋರಾಗ್ ಓಡು," ಅಂದಳು.

ನಾಲ್ಕನೆಯವಳಾಗಿ ಬಂದೆ, ಬಹುಮಾನ ಸಿಗಲಿಲ್ಲ. ಆದರೆ ಓಡುವಾಗ ನನ್ನ ಮೈಯಿಂದ ಯಾವ ಸದ್ದೂ ಬರಲಿಲ್ಲ. ಆಮೇಲೆ ಹುಡುಗಿಯರ ಜೊತೆ ಬೇಲಿಯ ಹತ್ತಿರ ಕೂತು ಐಸ್ ಕ್ಯಾಂಡಿ ಚೀಪುತ್ತಾ ಬೇರೆಯವರ ಓಟ ನೋಡಿದೆ. ಸುಮಾರು ಎರಡು ಗಂಟೆ ಹೊತ್ತು ಅಮ್ಮ ನನಗೆ ನೆನಪಾಗಲೇ ಇಲ್ಲ. ನೆನಪಾದದ್ದೇ ಮೂಕಂಡಪಲ್ಲಿಯವರೆಗೂ ಓಡಿದೆ. ಓಟದಲ್ಲಿ ಓಡಿದ್ದಕ್ಕಿಂತ ಜೋರಾಗಿ ಓಡಿದ್ದೆ ಅನ್ನಿಸುತ್ತದೆ.

ಮನೆಗೆ ಹೊರಗಿನಿಂದ ಬೀಗ ಹಾಕಿತ್ತು. ಅಮ್ಮ ಒಬ್ಬಳೇ ಹೊರಗೆ ಹೋಗಿ ಐದು ವರ್ಷವಾಗಿತ್ತು. ಕಿಟಕಿಯಲ್ಲಿ ಬಗ್ಗಿ ನೋಡಿದೆ, ಮೊಳೆಯಲ್ಲಿ ಗೊಂಚಲು ಇಲ್ಲ. ರಾಜಮ್ಮ ಯಾರದೋ ಮನೆಯ ಸೀಮಂತಕ್ಕೆ ಹೋಗಿ ಆಗಷ್ಟೇ ಬಂದಿದ್ದಳು. ಅಮ್ಮನೇ ಹತ್ತು ಗಂಟೆಗೆ ಬಂದು "ನೀವ್ ಹೋಗಿ ಬನ್ನಿ ರಾಜಮ್ಮಕ್ಕ, ರತ್ನ ಬೇಗ ಬತ್ತಾಳೆ" ಅಂತ ಅವಳನ್ನು ಕಳಿಸಿದ್ದಳಂತೆ. ಕಕ್ಕಸು ನೋಡಿದೆ, ಅಂಗಡಿ ನೋಡಿದೆ, ಬಾವಿಯೊಳಗೆ ಇಣುಕಿ ನೋಡಿದೆ. ಆಮೇಲೆ ಫ್ಯಾಕ್ಟರಿ ಗೇಟಿಗೆ ಓಡಿ ವಾಚ್‌ಮನ್ ಕಾಲು ಹಿಡಿಯುವುದೊಂದು ಬಾಕಿ ಅನ್ನುವ ಹಾಗೆ ಬೇಡಿಕೊಂಡೆ. ಅಪ್ಪ ಎಣ್ಣೆ ಕೈಯಲ್ಲೇ ಹೊರಗೆ ಬಂದ. ನಾನು ಬಾಯಿ ತೆರೆಯುವ ಮುಂಚೆ ಅವನ ಕಣ್ಣು ನನ್ನ ಕೊರಳಿಗೆ ಹೋಯಿತು.

"ಗೊಂಚಲೆಲ್ಲಿ?"

ಅಷ್ಟೇ ಕೇಳಿದ್ದು. ಆಮೇಲೆ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಬಸ್ ಸ್ಟ್ಯಾಂಡು, ಆಸ್ಪತ್ರೆ, ಸಂತೆ ಮಾಳ ಎಲ್ಲ ಸುತ್ತಿಸಿದ. ದಾರಿಯುದ್ದಕ್ಕೂ ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅಮ್ಮ ಎಲ್ಲೋ ಬೀದಿಯಲ್ಲಿ ಬಿದ್ದಿದ್ದಾಳೆ, ಸುತ್ತ ಜನ ನಿಂತಿದ್ದಾರೆ, ಸೆರಗು ಮಣ್ಣಿನಲ್ಲಿದೆ, ಇದೆಲ್ಲ ನಾನು ಮಾಡಿದ್ದು. ಬೇರೆ ಏನೂ ತಲೆಯಲ್ಲಿರಲಿಲ್ಲ.

ನಾಲ್ಕೂವರೆಗೆ ಮನೆಗೆ ವಾಪಸು ಬಂದು ಜಗುಲಿಯ ಮೇಲೆ ಕೂತಿದ್ದೆವು. ಬಸ್ ನಿಲ್ಲುವ ಕಡೆಯಿಂದ ಅಮ್ಮ ನಡೆದು ಬಂದಳು. ಮೊಣಕೈ ತರಚಿತ್ತು. ಸೀರೆಯ ಒಂದು ಮಗ್ಗುಲು ಮಣ್ಣಾಗಿತ್ತು. ಸೆರಗು ಮಾತ್ರ ಹೆಗಲ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು, ಎರಡು ಪಿನ್ನಿನಿಂದ. ಸೊಂಟದಲ್ಲಿ ಗೊಂಚಲು.

"ಎಲ್ಲಿಗ್ ಹೋಗಿದ್ದೆ?" ಅಂದ ಅಪ್ಪ.

"ಅತ್ತಿಬೆಲೆಗೆ. ಅಕ್ಕನ ಮನೆಗೆ."

ಆಮೇಲೆ ಜಗುಲಿಯ ತುದಿಯಲ್ಲಿ ಕೂತು, ಒಂದು ಚೊಂಬು ನೀರು ಕುಡಿದು, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ಬಸ್ಸು ಜೂಜುವಾಡಿಯ ಹತ್ತಿರ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆ ಅಲ್ಲಾಡಲಿಲ್ಲ. ಬಾರ್ಡರು ದಾಟಿದರೆ ಅತ್ತಿಬೆಲೆ ತಾನೇ ಅಂತ ಇಳಿದು ನಡೆದಳು. ಒಂದು ಪಂಕ್ಚರ್ ಅಂಗಡಿಯ ಮುಂದೆ ಹೆಬ್ಬೆರಳು ಶುರುವಾಯಿತು.

"ನಂಗೆ ಗೊತ್ತಾಯ್ತು," ಅಂದಳು ಅಮ್ಮ. "ಇಷ್ಟು ವರ್ಷ ನಂಗೆ ಗೊತ್ತಾಗೋಕ್ ಮುಂಚೆ ಇವ್ಳೇ ಹಿಡ್ಕೊಂಡು ಕೂರಿಸ್ಬುಡ್ತಿದ್ಲು. ಇವತ್ತು ನಂಗೇ ಗೊತ್ತಾಯ್ತು. ರೋಡಿಂದ ಈಚೆಗೆ ಬಂದು ಕೂತ್ಕೊಂಡೆ. ಪೀಪಿ ತಗೊಂಡು ಊದ್ದೆ. ಎರಡು ಸಲ ಊದಿದ್ದು ಗ್ಯಾಪಕ ಐತೆ."

ಟೀ ಅಂಗಡಿಯ ತಮಿಳಿನ ಹೆಂಗಸೊಬ್ಬಳು ಓಡಿ ಬಂದಳಂತೆ. ಕಣ್ಣು ಬಿಟ್ಟಾಗ ಯಾರೋ ಅಮ್ಮನ ಕೈಯಲ್ಲಿ ಅಜ್ಜಿಯ ಬೀಗದ ಕೈ ಹಿಡಿಸಿದ್ದರು. ಒಬ್ಬ ಡ್ರೈವರು ಮೂಸಿಸಲಿಕ್ಕೆ ಚಪ್ಪಲಿ ಹಿಡಿದು ನಿಂತಿದ್ದ, ಆ ಹೆಂಗಸು ಅವನನ್ನು ಬೈದು ಅಟ್ಟುತ್ತಿದ್ದಳು. "ಉಕ್ಕಾರುಮ್ಮಾ, ಉಕ್ಕಾರು" ಅಂತ ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿದಳಂತೆ. ಅಮ್ಮ ಮೊದಲು ಕನ್ನಡಿ ನೋಡಿಕೊಂಡು ಬಾಯಿ ಒರೆಸಿಕೊಂಡಳು. ಸೆರಗು ಸರಿಮಾಡಿ ಪಿನ್ನು ಹಾಕಿದಳು. ಬಿಲ್ಲೆ ಓದಿದ ಆ ಹೆಂಗಸು ಮೂಕಂಡಪಲ್ಲಿಗೆ ಹೋಗುವ ಗಾಡಿ ಹತ್ತಿಸುತ್ತೇನೆ ಅಂದಳು.

"ಬ್ಯಾಡ ಅಂದೆ. ನಾನ್ ಹೊಂಟಿದ್ದು ಅತ್ತಿಬೆಲೆಗಲ್ವಾ? ಟೀ ಕುಡಿದೆ, ಮಾತ್ರೆ ನುಂಗ್ದೆ, ಎದ್ದು ಹೋದೆ. ಅಕ್ಕ ಅನ್ನ, ಸೊಪ್ಪಿನ್ ಸಾರು ಮಾಡಿದ್ಲು. ಉಂಡ್ಕೊಂಡೇ ಬಂದೆ."

ಅಪ್ಪ ಎದ್ದು ನಿಂತ. "ಸತ್ಹೋಗಿದ್ರೆ? ಲಾರಿ ಅಡೀಗೆ ಬಿದ್ದಿದ್ರೆ? ಕೊಡು ಇಲ್ಲಿ" ಅಂತ ಗೊಂಚಲಿಗೆ ಕೈ ಹಾಕಿದ. ಅಮ್ಮ ಸೊಂಟವನ್ನು ಆಚೆಗೆ ತಿರುಗಿಸಿಕೊಂಡಳು.

"ಕಾಯ್ಲೆ ನಂದು. ಇದೂ ನಂದೇ. ನನ್ ಹತ್ರ ಇರ್ಲಿ."

"ನಾನ್ ಏನ್ ನಿನ್ ಕಟ್ ಹಾಕಕ್ಕೆ ಮಾಡಿದ್ನಾ ಇದ್ನೆಲ್ಲಾ?"

"ಇಲ್ಲ. ನಂಗೋಸ್ಕರ ಮಾಡುದ್ರಿ, ನಂಗೊತ್ತು. ಆದ್ರೆ ಮಗೀನ ಕೊರಳ್ಗೆ ಹಾಕುದ್ರಲ್ಲಾ." ಅಮ್ಮ ನನ್ನ ಕಡೆ ಕೈ ತೋರಿಸಿದಳು. "ಅವಳ ಎದೆ ಮ್ಯಾಲೆ ಕಲೆ ಬಿದ್ದೈತೆ, ನೋಡಿದೀರಾ? ಬೀದೀಲಿ ಎಲ್ಲಾ ಮಕ್ಳು ಕುಣೀತಾವೆ, ಇವ್ಳು ನನ್ ಕೈ ನೋಡ್ಕೊಂಡ್ ಕೂತಿರ್ತಾಳೆ. ನಾನ್ ನಕ್ಕರೂ ನನ್ ಮುಖ ನೋಡಲ್ಲ. ಇವತ್ತು ಮೊಳೆಗ್ ನೇತ್ ಹಾಕ್ಬುಟ್ಟು ಹೋದ್ಲು. ಅಬ್ಬಾ, ಸದ್ಯ, ಅನ್ನಿಸ್ತು ನಂಗೆ."

ಅಪ್ಪ ಕುಸಿದು ಜಗುಲಿಯ ಮೇಲೆ ಕೂತ. ಎಣ್ಣೆ ಹತ್ತಿದ ಕೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಆ ಒಂದೇ ಸಲ. ಅಮ್ಮ ಅವನ ಪಕ್ಕ ಹೋಗಿ ಕೂತಳು. ರಾಜಮ್ಮ ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋದಳು.

ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಕೆಲಸದಿಂದ ತೆಗೆದುಹಾಕಿದಂತೆ ಅನ್ನಿಸಿತು. ಐದು ವರ್ಷ ನಾನು ಮಾಡಿದ್ದನ್ನು ಅಮ್ಮ ಒಂದು ದಿನದಲ್ಲಿ ತಾನೇ ಮಾಡಿಕೊಂಡುಬಿಟ್ಟಳಲ್ಲ ಅಂತ ಒಂದು ಹೊಟ್ಟೆಕಿಚ್ಚು. ಭಾನುವಾರವೂ ಸೋಮವಾರವೂ ಅವಳ ಹಿಂದೆ ಹಿಂದೆಯೇ ಸುತ್ತಿದೆ. ಬಚ್ಚಲ ಬಾಗಿಲಿಗೆ ಹೋಗಿ ಕೂತರೆ, "ಎದ್ದು ಹೋಗ್ ಆಡ್ಕೋ, ಚೊಂಬಿನ ಸದ್ದು ನಾನೇ ಕೇಳಿಸ್ಕೊಂತೀನಿ" ಅಂತ ಒಳಗಿನಿಂದ ಕೂಗಿದಳು. ಹೊರಗೆ ಹೋದೆ. ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಹೇಗೆ ಸೇರಿಕೊಳ್ಳಬೇಕು ಅಂತ ತಿಳಿಯದೆ ಗೋಡೆಗೆ ಒರಗಿ ನಿಂತಿದ್ದೆ.

ಅಮ್ಮ ಅದಾದ ಮೇಲೆ ಮೂವತ್ತು ವರ್ಷ ಬದುಕಿದಳು. ಮಾತ್ರೆಗಳು ಬದಲಾದವು, ಬರುವುದು ಕಡಿಮೆಯಾಯಿತು, ಆದರೆ ಪೂರ್ತಿ ಬಿಡಲಿಲ್ಲ. ಬೀದಿಯಲ್ಲಿ ಬಿದ್ದಳು, ಮದುವೆ ಮನೆಯಲ್ಲಿ ಬಿದ್ದಳು, ಬಸ್ಸಿನಲ್ಲಿ ಬಿದ್ದಳು. ಎದ್ದಳು, ಕನ್ನಡಿ ನೋಡಿಕೊಂಡಳು, ಹೊರಟ ಕಡೆಗೆ ಹೋದಳು. ಅಪ್ಪ ಕೆಲಸದಿಂದ ರಿಟೈರ್ ಆಗುವವರೆಗೂ ಸವೆದ ಪಿನ್ನು, ಒಡೆದ ಕನ್ನಡಿ ಬದಲಾಯಿಸಿ ಕೊಡುತ್ತಿದ್ದ, ಅವಳು ಕೇಳಿದಾಗ ಮಾತ್ರ. ಅವಳು ತೀರಿಕೊಂಡದ್ದು ಬೇರೆಯೇ ಕಾಯಿಲೆಯಿಂದ. ಕೊನೆಯ ವಾರ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದಾಗಲೂ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. "ಮುಖ ನೋಡೇ ಇಲ್ಲಿ" ಅಂದಳು. ನೋಡಿದೆ. ಬಹಳ ವಯಸ್ಸಾಗಿತ್ತು.

ಆದರೆ ನನಗೆ ಈ ಎಲ್ಲದಕ್ಕಿಂತ ಹೆಚ್ಚು ನೆನಪಾಗುವುದು ಅತ್ತಿಬೆಲೆಗೆ ಹೋಗಿ ಬಂದ ಆ ವಾರ. ಮಂಗಳವಾರ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ಚಾಪೆಯ ಮೇಲೆ ಬಿದ್ದುಕೊಂಡೆನಂತೆ. ಮೈ ಸ್ವಲ್ಪ ಬೆಚ್ಚಗಿತ್ತು. ಡಾಕ್ಟರ ಹತ್ತಿರ ಅಪ್ಪ ಎತ್ತಿಕೊಂಡು ಹೋದ. ಅವರು ನಾಲಿಗೆ ನೋಡಿ, ಎದೆಗೆ ಕೊಳವೆ ಇಟ್ಟು ನೋಡಿ, ಏನೂ ಇಲ್ಲ, ದಣಿದಿದ್ದಾಳೆ, ಮಲಗಲಿ ಅಂದರಂತೆ. ಹನ್ನೆರಡು ವರ್ಷದ ಹುಡುಗಿ ದಣಿಯುವಂಥದ್ದು ಏನಿದೆ ಅಂತ ಅಪ್ಪ ಕೇಳಲಿಲ್ಲ. ಮೂರು ದಿನ ಮಲಗಿದೆ. ಗಂಜಿ ಕುಡಿಸುವಾಗ ಎದ್ದದ್ದು, ಹೊರಗೆ ಹೋಗಿ ಬಂದದ್ದು ಮಂಕು ಮಂಕಾಗಿ ನೆನಪಿದೆ. ಉಳಿದದ್ದೆಲ್ಲ ನಿದ್ದೆ. ಬಾವಿಗೆ ಕಲ್ಲು ಹಾಕಿದರೆ ಎಷ್ಟು ಹೊತ್ತಾದರೂ ತಳ ಸಿಗದ ಹಾಗೆ ಇಳಿಯುತ್ತಲೇ ಇದ್ದೆ. ಅಂಥ ನಿದ್ದೆ ಆಮೇಲೆ ನನಗೆ ಯಾವತ್ತೂ ಬಂದಿಲ್ಲ.

ಶುಕ್ರವಾರ ಮಧ್ಯಾಹ್ನ ಪೂರ್ತಿ ಎಚ್ಚರವಾಯಿತು. ಬಿಸಿಲು ಅಡುಗೆಮನೆಯ ಹೊಸ್ತಿಲವರೆಗೆ ಬಂದಿತ್ತು. ಅಮ್ಮ ನನ್ನ ತಲೆಯ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಗಲ್ಲದ ಕೆಳಗೆ ಹೊಸದಾಗಿ ಒಂದು ತರಚು ಗಾಯ.

"ಯಾವಾಗಮ್ಮಾ?" ಅಂದೆ.

"ನೆನ್ನೆ. ಇಲ್ಲೇ, ನಿನ್ ಪಕ್ಕದಾಗೇ. ಏನಿಲ್ಲ, ಬಂದು ಹೋಯ್ತು."

ನನಗೆ ಗೊತ್ತೇ ಆಗಿರಲಿಲ್ಲ. ಒಂದು ಮೊಳ ದೂರದಲ್ಲಿ ಅಮ್ಮ ನೆಲದ ಮೇಲೆ ಒದ್ದಾಡಿದ್ದಾಳೆ, ನಾನು ಕಣ್ಣು ಬಿಟ್ಟಿಲ್ಲ. ಅಳು ಬಂತು.

"ಯಾಕಮ್ಮಾ ನನ್ ಎಬ್ಬಿಸ್ಲಿಲ್ಲ? ಪೀಪಿ ಊದ್ಬೇಕಾಗಿತ್ತು."

ಅಮ್ಮ ಸುಲಿದ ಕಾಳುಗಳನ್ನು ಮೊರಕ್ಕೆ ಹಾಕಿದಳು.

"ಊದ್ಬಾರ್ದು ಅಂತ್ಲೇ ನೋಡ್ದೆ. ಸದ್ದಿಗೆ ನೀನ್ ಎದ್ಬುಟ್ರೆ ಏನ್ ಮಾಡಾದು ಅಂತ ಬಾಯಿಗೆ ಸೆರಗು ಇಟ್ಕೊಂಡು ಕೂತ್ಕೊಂಡೆ," ಅಂದಳು. "ನೀನು ಮಲ್ಕೊಂಡಿದ್ದೆ ಕಣಮ್ಮಣ್ಣಿ."